ಹೊಗೆಕೊಳವೆ ಯಾರ ಪಾಲಿನ ಕೆಲಸ?

(ಮುಂಗಾರಿಗೆ ಮುಂಚೆ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಮುಂಗಾರು ಹಿಡಿಯುವ ಮುಂಚೆ ನಿಮ್ಮ ಕೈಗೆ ಎಷ್ಟು ಕೆಲಸವಿರುತ್ತದೆಂಬುದನ್ನು ನಾನು ಬಲ್ಲೆ. ಗೊಬ್ಬರ ಹೊಲಕ್ಕೆ ಹೊಡೆಯಬೇಕು, ಬಿತ್ತನೆ ಬೀಜ ಹಸನು ಮಾಡಬೇಕು, ಟ್ರ್ಯಾಕ್ಟರಿನವನಿಗೆ ಹೇಳಿಡಬೇಕು, ಬದು ಹಾಕಬೇಕು, ಸೂರಿನ ಹೆಂಚು ಕೈಯಾಡಿಸಬೇಕು. ಇಷ್ಟರ ನಡುವೆ ಇನ್ನೊಂದು ಕೆಲಸವನ್ನು ನಿಮ್ಮ ತಲೆಗೆ ಕಟ್ಟಲು ಬಂದಿದ್ದೇನೆ. ಅದು ಅರ್ಧ ದಿನದ ಕೆಲಸ, ಖರ್ಚೂ ಇಲ್ಲ. ಆದರೆ ಊರಿನಲ್ಲಿ ಅದನ್ನು ಮಾಡುವವರನ್ನು ಬೆರಳಿನಲ್ಲಿ ಎಣಿಸಬಹುದು. ಒಲೆಯ ಹೊಗೆಕೊಳವೆಯನ್ನು ಶುದ್ಧಮಾಡುವ ಕೆಲಸ ಅದು.

ಮನೆಗೆ ಗ್ಯಾಸು ಬಂದಿದೆಯಲ್ಲ, ಇನ್ನು ಕೊಳವೆಯ ಮಾತು ಏತಕ್ಕೆ ಎಂದು ಕೆಲವರು ಕೇಳುವಿರಿ. ಗ್ಯಾಸು ಬಂದಿರುವುದು ನಿಜ, ಒಳ್ಳೆಯದೂ ಆಯಿತು. ಆದರೆ ಸ್ನಾನದ ಹಂಡೆಯ ಕೆಳಗೆ ಉರಿಯುವುದೇನು? ಹಬ್ಬದ ಅಡಿಗೆ, ದನಕ್ಕೆ ಬೇಯಿಸುವ ಹುರುಳಿ, ಸಿಲಿಂಡರು ಮುಗಿದ ವಾರದ ಮುದ್ದೆ, ಇವೆಲ್ಲ ಎಲ್ಲಿ ಬೇಯುತ್ತವೆ? ಸೌದೆ ಒಲೆ ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ಅದು ಇರುವವರೆಗೆ ಅದರ ಕೊಳವೆಯೂ ನೆಟ್ಟಗಿರಬೇಕು.

ಹೊಗೆ ಇಲ್ಲದ ಒಲೆಗಾಗಿ ನಮ್ಮವರು ಪಟ್ಟ ಶ್ರಮ ಕಡಿಮೆಯದಲ್ಲ. ಹೈದರಾಬಾದಿನ ಎಸ್. ಪಿ. ರಾಜು ಎಂಬ ಎಂಜಿನಿಯರು 1953ರಲ್ಲಿಯೇ ಹೊಗೆಯಿಲ್ಲದ ಅಡಿಗೆಮನೆಯ ವಿಚಾರವಾಗಿ ಪುಸ್ತಕ ಬರೆದರು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಆಗ ಹೈದರಾಬಾದು ರಾಜ್ಯದಲ್ಲಿಯೇ ಇದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರ ಪ್ರಯೋಗಗಳು ನಡೆದವು. ಅಲ್ಲಿಂದ ಬಂದದ್ದೇ ನೀವು ನೋಡಿರುವ ಅಸ್ತ್ರ ಒಲೆ: ಸಾಲಾಗಿ ಮೂರು ಪಾತ್ರೆ, ಕೆಳಗೆ ಜಾಲರಿ, ಕೊನೆಗೆ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಅದರ ಮೂರು ಪಟ್ಟು ಸೇರುತ್ತದೆ.

ಇಷ್ಟಾದರೂ ಆ ಒಲೆಗಳಲ್ಲಿ ಬಹುಪಾಲು ಈಗ ಏಕೆ ಕಾಣುವುದಿಲ್ಲ? ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಗೆ ಕೊಳವೆಯ ಒಲೆ ಬಂತು. ಮೊದಲ ವರ್ಷ ನಮ್ಮ ತಾಯಿ ಅದನ್ನು ಹೊಗಳಿದ್ದೇ ಹೊಗಳಿದ್ದು. ಮೂರನೆಯ ಮಳೆಗಾಲಕ್ಕೆ ಹೊಗೆ ಮತ್ತೆ ಅಡಿಗೆಮನೆಗೆ ನುಗ್ಗಿತು. ತಾಯಿ ತಂದೆಗೆ ಹೇಳಿದಳು. “ಒಲೆ ನಿನ್ನದು, ನೀನೇ ನೋಡಿಕೋ” ಎಂದರು ಅವರು. ಸೂರು ಹತ್ತುವುದು ಹೆಂಗಸಿನ ಕೆಲಸವಲ್ಲ ಎಂದು ಬೆಳೆದವಳು ಆಕೆ, ಹತ್ತಲಿಲ್ಲ. ಉರಿ ಚೆನ್ನಾಗಿ ಬರಲೆಂದು ಒಲೆಯ ಬಾಯನ್ನು ಒಡೆದು ದೊಡ್ಡದು ಮಾಡಿದಳು. ಹೊಗೆ ಇನ್ನಷ್ಟು ಹೆಚ್ಚಿತು. ಕೊನೆಗೆ ಒಂದು ದಿನ ತಂದೆ ಕೊಳವೆಯನ್ನೇ ಕಿತ್ತು ಕೆಳಗಿಳಿಸಿದರು. ಅದರೊಳಗೆ ಅಳಿಲಿನ ಗೂಡು! ನಾರು, ಹತ್ತಿ, ಹರಕು ಬಟ್ಟೆ. ಸುತ್ತಲೂ ಹೆಬ್ಬೆರಳು ದಪ್ಪದ ಕರಿ. ಒಂದು ಬಿದಿರುಗಳು ತೂರಿಸಿದ್ದರೆ ಗಳಿಗೆಯಲ್ಲಿ ಮುಗಿಯುತ್ತಿದ್ದ ಕೆಲಸವಾಗಿತ್ತು. ಕಿತ್ತ ಕೊಳವೆ ಹಿತ್ತಿಲ ಕಾಲುವೆಗೆ ಹೋಯಿತು. ತಾಯಿಗೆ ಹತ್ತಿದ ಕೆಮ್ಮು ಕಡೆಯವರೆಗೂ ಬಿಡಲಿಲ್ಲ.

ನೋಡಿ, ಒಲೆ ಹೆಂಗಸರದು, ಸೂರು ಗಂಡಸರದು ಎಂದು ನಾವು ಪಾಲು ಮಾಡಿಕೊಂಡಿದ್ದೇವೆ. ಕೊಳವೆಯ ಒಂದು ತುದಿ ಒಲೆಯಲ್ಲಿ, ಇನ್ನೊಂದು ತುದಿ ಸೂರಿನ ಮೇಲೆ. ಆದ್ದರಿಂದ ಅದು ಯಾರ ಪಾಲಿಗೂ ಬರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಒಡಿಶಾದ ಹಳ್ಳಿಗಳಲ್ಲಿ ಸುಧಾರಿಸಿದ ಒಲೆಗಳನ್ನು ಕೊಟ್ಟು, ನಾಲ್ಕು ವರ್ಷಗಳವರೆಗೆ ಆ ಮನೆಗಳನ್ನು ಗಮನಿಸಿದ ಒಂದು ಅಧ್ಯಯನವುಂಟು. ಮಾಡಿದವರು ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ಪ್ರಕಟವಾದದ್ದು 2016ರಲ್ಲಿ. ಮೊದಲ ವರ್ಷ ಅಡಿಗೆ ಮಾಡುವವರ ಒಳಕ್ಕೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಜನ ಒಲೆಯನ್ನು ದುರಸ್ತಿಯಲ್ಲಿ ಇಟ್ಟುಕೊಳ್ಳಲಿಲ್ಲ, ಬರಬರುತ್ತ ಬಳಸುವುದನ್ನೂ ಬಿಟ್ಟರು. 

ಕೊಳವೆ ಹೊಗೆಯನ್ನು ಎಳೆಯುವುದು ಹೇಗೆ? ಬಿಸಿಗಾಳಿ ಹಗುರ, ಮೇಲಕ್ಕೆ ಏರುತ್ತದೆ. ಅದು ಏರಿದಂತೆ ಒಲೆಯ ಬಾಯಿಂದ ಹೊಸ ಗಾಳಿ ಒಳಕ್ಕೆ ಬರುತ್ತದೆ. ಫುಟ್‌ವಾಲ್ವಿಗೆ ಕಸ ಕಟ್ಟಿದರೆ ಪಂಪ್‌ಸೆಟ್ಟು ನೀರೆತ್ತುವುದಿಲ್ಲವೆಂದು ನಿಮಗೆ ಗೊತ್ತು, ಇದೂ ಹಾಗೆಯೇ. ನಾಲ್ಕು ಅಂಗುಲದ ಕೊಳವೆಯಲ್ಲಿ ಸುತ್ತಲೂ ಅರ್ಧ ಅಂಗುಲ ಕರಿ ಕಟ್ಟಿತೆನ್ನಿ. ಉಳಿದ ದಾರಿ ಮೂರು ಅಂಗುಲ. ಕಾಲುಭಾಗ ಹೋಯಿತು ಎಂದುಕೊಳ್ಳುವಿರಿ. ಹಾಗಲ್ಲ. ನಾಲ್ಕು ನಾಲ್ಕಲ ಹದಿನಾರು, ಮೂರು ಮೂರಲ ಒಂಬತ್ತು. ಹದಿನಾರರ ಜಾಗದಲ್ಲಿ ಒಂಬತ್ತು ಉಳಿಯಿತು, ಅಂದರೆ ಹೆಚ್ಚುಕಡಿಮೆ ಅರ್ಧ ದಾರಿ ಮುಚ್ಚಿತು. ಹೊರಗೆ ಹೋಗಲಾರದ ಹೊಗೆ ಅಡಿಗೆಮನೆಗೇ ಬರಬೇಕು. ಕೂಸುಗಳ ನ್ಯುಮೋನಿಯಾ, ದೊಡ್ಡವರ ಉಬ್ಬಸ, ಕಣ್ಣಿನ ಪೊರೆ, ಇವುಗಳಿಗೆಲ್ಲ ಒಲೆಯ ಹೊಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನೊಂದು ಅಪಾಯವೂ ಉಂಟು: ಜಿಡ್ಡುಗಟ್ಟಿದ ಕರಿ ಕೊಳವೆಯೊಳಗೇ ಹತ್ತಿಕೊಳ್ಳಬಹುದು. ಗರಿಯ ಅಥವಾ ಹುಲ್ಲಿನ ಸೂರಿಗೆ ಒಂದು ಕಿಡಿ ಸಾಕು.

ಇನ್ನು ಮಾಡುವ ಬಗೆ. ಹಿಂದಿನ ರಾತ್ರಿಯಿಂದ ಒಲೆ ಹಚ್ಚಬೇಡಿ. ಪಾತ್ರೆಗಳನ್ನು ತೆಗೆದು, ಒಲೆಯ ಕಂಡಿಗಳನ್ನು ಒದ್ದೆ ಗೋಣಿಯಿಂದ ಮುಚ್ಚಿ. ಇಲ್ಲವಾದರೆ ಕರಿ ಮನೆಯೆಲ್ಲ ಹಾರುತ್ತದೆ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಉದ್ದನೆಯ ಬಿದಿರುಗಳುವಿನ ತುದಿಗೆ ತೆಂಗಿನ ನಾರನ್ನು ಕೊಳವೆಯ ಅಗಲಕ್ಕೆ ಸರಿಯಾಗಿ ಬಿಗಿದು, ಮೇಲೆ ಕೆಳಗೆ ಆಡಿಸಿ. ಕೊಳವೆ ಬಾಗಿದ್ದರೆ ಗಳು ಹೋಗದು. ಆಗ ಹಗ್ಗದ ನಡುವೆ ನಾರಿನ ಉಂಡೆ, ತುದಿಗೆ ಕಲ್ಲು ಕಟ್ಟಿ, ಮೇಲಿಂದ ಇಳಿಬಿಟ್ಟು ಎಳೆಯಿರಿ. ಸೂರು ಹತ್ತುವವರು ಸಿಮೆಂಟು ಶೀಟಿನ ಮೇಲೆ ನೇರವಾಗಿ ಕಾಲಿಡಬಾರದು. ಶೀಟು ಮುರಿದು ಬಿದ್ದವರಿದ್ದಾರೆ. ಹಲಗೆಯೋ ಏಣಿಯೋ ಅಡ್ಡಹಾಕಿ ಅದರ ಮೇಲೆ ನಡೆಯಿರಿ. ಹಳೆಯ ಒಲೆಗಳ ಕೊಳವೆ ಆಸ್‌ಬೆಸ್ಟಾಸಿನದಾಗಿದ್ದರೆ ಒಣಗಿದ್ದಾಗ ಕೆರೆಯಬೇಡಿ, ಒಡೆಯಬೇಡಿ, ಗರಗಸ ಹಾಕಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಳಗೆ ನೀರು ಸುರಿದು ನೆನೆಸಿ, ಮೆತ್ತಗೆ ಒರಸಿ. ಬಿರುಕು ಬಿಟ್ಟಿದ್ದರೆ ಬೇರೆ ಕೊಳವೆ ಹಾಕಿಸಿ.

ಕೊಳವೆಯ ತುದಿ ಸೂರಿಗಿಂತ ಎರಡು ಮೂರು ಅಡಿ ಮೇಲಿರಬೇಕು, ಮಳೆ ಬೀಳದಂತೆ ತಲೆಗೆ ಟೋಪಿ ಇರಬೇಕು. ಒಲೆಯ ಮೈ ಬಿರಿದಿದ್ದರೆ ಜೇಡಿಮಣ್ಣು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಮೆತ್ತಿ. ಪೂರ್ತಿ ಒಣಗಿದ ಮೇಲೆಯೇ ಉರಿ ಹಾಕಿ. ಒಲೆಯ ಬಾಯನ್ನು ದೊಡ್ಡದು ಮಾಡಬೇಡಿ, ಸೌದೆಯನ್ನು ಸಣ್ಣಗೆ ಸೀಳಿರಿ. ಪಾತ್ರೆಯಿಲ್ಲದ ಕಂಡಿಯನ್ನು ಮುಚ್ಚಿಡಿ. ಎಲ್ಲ ಸರಿಯಾಯಿತೋ ಇಲ್ಲವೋ ನೋಡಲು, ಉರಿ ಹಾಕಿ ಕೊಳವೆ ಬಿಸಿಯಾದ ಮೇಲೆ ಒಲೆಯ ಬಾಯಿಗೆ ಊದಿನಕಡ್ಡಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಸೆಳೆದುಕೊಂಡು ಹೋದರೆ ಕೊಳವೆ ಉಸಿರಾಡುತ್ತಿದೆಯೆಂದು ತಿಳಿಯಿರಿ.

ಒಲೆಯ ಬೂದಿ ಹೊಲಕ್ಕೆ ಒಳ್ಳೆಯದು, ಅದರಲ್ಲಿ ಪೊಟ್ಯಾಷ್ ಇದೆ. ಆದರೆ ಅದನ್ನು ಅಮೋನಿಯಂ ಸಲ್ಫೇಟಿನೊಡನೆ ಬೆರೆಸಿ ಎರಚಬೇಡಿ. ಕೊಟ್ಟ ದುಡ್ಡಿನ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ವರ್ಷಕ್ಕೆ ಎಷ್ಟು ಸಾರಿ? ಮುಂಗಾರಿಗೆ ಮುಂಚೆ ಒಂದು ಸಾರಿ. ಮಳೆಗಾಲವೆಲ್ಲ ಹಸಿ ಸೌದೆ ಉರಿಸಿ ಕರಿ ಕಟ್ಟುವುದರಿಂದ ಮತ್ತೊಂದು ಸಾರಿ ದೀಪಾವಳಿಗೆ. ನೀರು ತುಂಬುವ ಹಬ್ಬದ ದಿನ ನಮ್ಮ ಹೆಣ್ಣುಮಕ್ಕಳು ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣಕೆಮ್ಮಣ್ಣು ಬಳಿದು ಸಿಂಗರಿಸುತ್ತಾರಲ್ಲವೇ? ಅದೇ ದಿನ ಹಂಡೆಯ ಹಿಂದಿನ ಕೊಳವೆಯನ್ನು ಗಂಡಸರು ತೆಗೆದುಕೊಳ್ಳಲಿ. ಹಬ್ಬಕ್ಕೆ ಕಟ್ಟಿದ ಕೆಲಸ ಮರೆಯುವುದಿಲ್ಲ.

ಚಳಿಗಾಲದ ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಇದು ಪ್ರಾಣದ ವಿಚಾರ. ಬಾಣಂತಿಯ ಕೋಣೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿಯುಂಟು. ಕೆಂಡದಲ್ಲಿ ಹೊಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ಹಿರಿಯರು ನಂಬಿದ್ದಾರೆ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದೆ ಹೋದವರುಂಟು. ಬಾಣಂತಿಗೂ ಕೂಸಿಗೂ ಕಂಬಳಿ ಹೊದಿಸಿ; ಕೋಣೆಯನ್ನು ಮುಂಚೆ ಕಾಯಿಸಿ, ಮಲಗುವ ಮೊದಲು ಕೆಂಡವನ್ನು ಹೊರಗಿಡಿ. ಸ್ನಾನದ ಮನೆಯ ಒಳಗೆ ಗ್ಯಾಸ್ ಗೀಸರು ಇಟ್ಟುಕೊಂಡವರಿಗೂ ಇದೇ ಮಾತು: ಅದನ್ನು ಹೊರಗೋಡೆಗೆ ಹಾಕಿಸಿ. ಯಾರಾದರೂ ಹೀಗೆ ಮಂಕಾಗಿ ಬಿದ್ದಿದ್ದರೆ ಮೊದಲು ಬಾಗಿಲು ತೆರೆದು ಬಯಲಿಗೆ ತನ್ನಿ, ಆಸ್ಪತ್ರೆಗೆ ಒಯ್ಯಿರಿ. ಆಮ್ಲಜನಕವೇ ಅದಕ್ಕೆ ಔಷಧ.

ಬೇಸಗೆಯದು ಸಣ್ಣ ಮಾತು. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುತ್ತೀರಿ. ಬಿಸಿಲು ಬೀಳುವುದು ಸೂರಿನ ಮೇಲೆ. ಆರ್‌ಸಿಸಿ ಮಾಳಿಗೆಯಿದ್ದವರು ಶಿವರಾತ್ರಿ ಕಳೆದ ಕೂಡಲೆ ಮೇಲ್ಭಾಗವನ್ನು ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಾರಿ ಬಳಿಯಿರಿ. ಬಿಳಿಯ ಸೂರು ಬಿಸಿಲನ್ನು ತಿರುಗಿಸಿ ಕಳುಹಿಸುತ್ತದೆ, ಕೆಳಗಿನ ಕೋಣೆ ಕೆಲವು ಡಿಗ್ರಿ ತಣ್ಣಗಿರುತ್ತದೆ. ಧೂಳು ಕೂತು ಮಂಕಾಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಸುಟ್ಟ ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿಡಿ. ಕಣ್ಣಿಗೆ ಹಾರಿದರೆ ಕಾಲು ಗಂಟೆ ನೀರು ಹಾಕಿ ತೊಳೆದು ವೈದ್ಯರಲ್ಲಿಗೆ ಹೋಗಿ. ಮಳೆನೀರನ್ನು ತೊಟ್ಟಿಗೆ ಬಿಡುವವರು ಮೊದಲ ಮಳೆಯ ನೀರನ್ನು ಹೊರಕ್ಕೆ ಹರಿಸಿ. ತಗಡಿನ ಮೇಲೆ ಸುಣ್ಣ ನಿಲ್ಲದು; ಅಲ್ಲಿ ತೆಂಗಿನ ಗರಿ ಹೊದಿಸುವವರು ಹೊಗೆಕೊಳವೆಯ ಸುತ್ತ ಮೂರು ಮೊಳ ಜಾಗ ಬಿಟ್ಟೇ ಹೊದಿಸಿ.

ಮಾತು ಸಾಕು. ಈ ಸಭೆ ಮುಗಿದ ಕೂಡಲೆ ಇದೇ ಕೇರಿಯ ಒಂದು ಮನೆಯಲ್ಲಿ ಕೊಳವೆ ಶುದ್ಧಮಾಡಿ ತೋರಿಸಲಿದ್ದೇವೆ. ಮನೆಯವರು ಒಪ್ಪಿದ್ದಾರೆ, ನಿನ್ನೆ ರಾತ್ರಿಯಿಂದ ಒಲೆ ಹಚ್ಚಿಲ್ಲ. ಬಿದಿರುಗಳು, ನಾರು, ಹಗ್ಗ ಸಿದ್ಧವಾಗಿವೆ. ತಾಯಂದಿರು ಒಲೆಯ ಬಳಿ ನಿಂತು ನೋಡಿ. ಸೂರಿನ ಮೇಲೆ ಹತ್ತಲು ಇಬ್ಬರು ಗಂಡಸರು ಮುಂದೆ ಬನ್ನಿ.