ಹಳೆಯ ಪೆಟ್ರೋಲ್ ಪಿಕಪ್ ಮೈಲೇಜ್ ಕೊಡದಿದ್ದರೆ ಏನು ಮಾಡಬೇಕು?
(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂಥ ಶಿಬಿರಗಳಲ್ಲಿ ತಮಗೆ ಸಾಮಾನ್ಯವಾಗಿ ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಪಾಲನೆ ಮುಂತಾದ ವಿಷಯ ತಿಳಿಸುತ್ತಾರೆ. ನಾನು ಈ ದಿನ ಹೇಳಹೊರಟಿರುವುದು ಮೇವು ತಿನ್ನದ, ಆದರೆ ದಿನವೂ ಕುಡಿಯುವ ಒಂದು ಪ್ರಾಣಿಯ ಬಗ್ಗೆ. ಅದೇ ಹಾಲಿನ ಕ್ಯಾನು ಹೊರುವ ತಮ್ಮ ಹಳೆಯ ಪೆಟ್ರೋಲ್ ಪಿಕಪ್. ಹಸು ಕೊಟ್ಟ ಹಾಲಿನ ಹಣವನ್ನು ಈ ಪ್ರಾಣಿ ಸದ್ದಿಲ್ಲದೆ ಕುಡಿದುಬಿಡುತ್ತದೆ.

ಒಂದು ಹಟ್ಟಿಯ ಐದು ಮನೆಯವರು ಸೇರಿ ಜೀಪ್ ಮಾದರಿಯ ಹಳೆಯ ಪೆಟ್ರೋಲ್ ಪಿಕಪ್ ಒಂದನ್ನು ಇಟ್ಟುಕೊಂಡಿದ್ದರು. ಬಲ್ಕ್ ಕೂಲರ್ ಇರುವ ಊರು ಏಳೂವರೆ ಕಿಲೋಮೀಟರ್ ದೂರ. ಬೆಳಿಗ್ಗೆ ಸಂಜೆ ಹೋಗಿ ಬಂದರೆ ದಿನಕ್ಕೆ 30 ಕಿಲೋಮೀಟರ್. ಎರಡು ಹೊತ್ತು ಸೇರಿ 200 ಲೀಟರ್ ಹಾಲು. ಮೊದಲು ಲೀಟರಿಗೆ 9 ಕಿಲೋಮೀಟರ್ ಓಡುತ್ತಿದ್ದ ಗಾಡಿ ಬರಬರುತ್ತಾ 6ಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ. 9 ಓಡುವಾಗ ದಿನಕ್ಕೆ 3.3 ಲೀಟರ್ ಪೆಟ್ರೋಲ್ ಸಾಕು, 6 ಓಡುವಾಗ 5 ಲೀಟರ್ ಬೇಕು. ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಸುಮಾರು 5,000 ರೂಪಾಯಿ ಹೆಚ್ಚು ಖರ್ಚು. ಅಂದರೆ ಪ್ರತಿ ಲೀಟರ್ ಹಾಲಿಗೆ 80 ಪೈಸೆಗೂ ಹೆಚ್ಚು ನಷ್ಟ. ಕೊನೆಗೆ ಗಾಡಿಯನ್ನು ಗುಜರಿಗೆ ಹಾಕುವ ಮಾತು ಬಂತು. ಮೂರು ಮನೆಯವರಿಗೆ ಬೈಕು ಇತ್ತು. ಉಳಿದ ಎರಡು ಮನೆಯವರಿಗೆ ಒಂದೊಂದೇ ಹಸು, ಹಾಲು ಸಾಗಿಸಲು ಬೇರೆ ದಾರಿ ಇಲ್ಲ. ಗಾಡಿ ನಿಂತರೆ ಅವರು ಹಾಲು ಹಾಕುವುದೂ ನಿಲ್ಲುತ್ತಿತ್ತು.

ಆ ಗಾಡಿಯನ್ನು ನೋಡಲು ನನ್ನನ್ನು ಕರೆದಾಗ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಎಲ್ಲರೂ ಮಾಡುವಂತೆ ನಾನೂ ನೇರವಾಗಿ ಕಾರ್ಬುರೇಟರ್‌ಗೆ ಕೈ ಹಾಕಿದೆ. ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿಸಿದೆ. ಹಣ ಖರ್ಚಾಯಿತು. ಮೈಲೇಜ್ 6ರಿಂದ 6.3ಕ್ಕೆ ಏರಿತು, ಅಷ್ಟೇ. ರೋಗ ಇದ್ದದ್ದೇ ಬೇರೆ ಕಡೆ. ಹಸುವಿನ ಹಾಲು ಇಳಿದರೆ ತಾವು ಮೊದಲು ಮೇವು ನೀರು ನೋಡುತ್ತೀರಿ, ಜ್ವರ ನೋಡುತ್ತೀರಿ, ಕೆಚ್ಚಲು ಮುಟ್ಟುತ್ತೀರಿ. ಗಾಡಿಗೂ ಅಂಥ ಒಂದು ಕ್ರಮ ಬೇಕು.

ಮೊದಲು ಅಳತೆ

ಡಿಗ್ರಿ, ಫ್ಯಾಟ್ ನೋಡದೆ ಹಾಲಿಗೆ ದರ ಹೇಳುವುದಿಲ್ಲ. ಹಾಗೆಯೇ ಅಳೆಯದೆ ಮೈಲೇಜ್ ಹೇಳಬಾರದು. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಳ್ಳಿ. ಎಂದಿನಂತೆ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ. ಓಡಿದ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿದರೆ ನಂಬುವಂಥ ಅಂಕಿ ಸಿಗುತ್ತದೆ. ಮೀಟರ್ ಕೆಟ್ಟಿದ್ದರೆ ಅಥವಾ ಬೇರೆ ಅಳತೆಯ ಟೈರ್ ಹಾಕಿದ್ದರೆ ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ ತಾಳೆ ನೋಡಿ.

ಸೋರಿಕೆ

ಎರಡನೆಯದಾಗಿ, ಪೆಟ್ರೋಲ್ ಎಂಜಿನ್ನಿಗೆ ಹೋಗುತ್ತಿದೆಯೋ ನೆಲಕ್ಕೆ ಹೋಗುತ್ತಿದೆಯೋ ನೋಡಿ. ಟ್ಯಾಂಕಿನ ಮುಚ್ಚಳ, ರಬ್ಬರ್ ಪೈಪು, ಪೆಟ್ರೋಲ್ ಪಂಪು, ಕಾರ್ಬುರೇಟರ್‌ನ ಹೊರಮೈ ಇವನ್ನು ಹಗಲಿನಲ್ಲಿ ಪರೀಕ್ಷಿಸಿ. ಬೀಡಿ, ಬೆಂಕಿಕಡ್ಡಿ, ಸೀಮೆಎಣ್ಣೆ ದೀಪ ಹತ್ತಿರವೂ ಬರಕೂಡದು. ಪಂಪಿನ ಒಳಗಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್ ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗುಗಳು ಹಾಳಾಗುತ್ತವೆ.

ಹಾಲು ಉತ್ಪಾದಕರಿಗೆ ಇನ್ನೊಂದು ಕಾರಣವೂ ಇದೆ. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಪೆಟ್ರೋಲ್ ಸೋರುವ ಗಾಡಿಯಲ್ಲಿ ತಂದ ಕ್ಯಾನಿನ ಮುಚ್ಚಳ ತೆಗೆದಾಗ ವಾಸನೆ ಬಂದರೆ ಅಷ್ಟೂ ಹಾಲು ವಾಪಸಾಗುತ್ತದೆ.

ಚಕ್ರ ಹಗುರವಾಗಿ ಉರುಳುತ್ತಿದೆಯೇ?

ಮೂರನೆಯದಾಗಿ ಚಕ್ರಗಳು. ನಾನು ಎಡವಿದ್ದು ಇಲ್ಲಿಯೇ. ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಚಕ್ರದ ನಡುಭಾಗದ ಹತ್ತಿರ ಕೈ ಒಯ್ದು ನೋಡಿ. ಒಂದು ಚಕ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಕೆಟ್ಟಿದೆ. ಆ ಮೇಲೆ ಗಾಡಿಗೆ ಜಾಕ್ ಕೊಟ್ಟು, ಇತರ ಚಕ್ರಗಳಿಗೆ ಕಲ್ಲು ಇಟ್ಟು, ಆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಹಟ್ಟಿಯ ಗಾಡಿಯಲ್ಲಿ ಹಿಂದಿನ ಎಡ ಚಕ್ರ ತಿರುಗಲು ಎರಡು ಕೈ ಬೇಕಾಯಿತು. ಚಕ್ರದ ಒಳಗೆ ತುಕ್ಕು ಹಿಡಿದು ಬ್ರೇಕ್ ಷೂ ಹಿಂದಕ್ಕೆ ಸರಿಯುತ್ತಿರಲಿಲ್ಲ. ಎತ್ತಿನ ಗಾಡಿಯ ಒಂದು ಗಾಲಿಯನ್ನು ಹಗ್ಗದಿಂದ ಬಿಗಿದು ಹೊಲಕ್ಕೆ ಹೊಡೆದಂತೆ!

ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಅಳೆಸಿ. ಒದ್ದು ನೋಡಿ ಗಾಳಿ ಸರಿ ಇದೆ ಎನ್ನಬೇಡಿ. ನಾಲ್ಕು ಚಕ್ರದ ಡ್ರೈವ್ ಇರುವ ಗಾಡಿಯಾದರೆ ಒಣ ರಸ್ತೆಯಲ್ಲಿ ಅದನ್ನು ಬಿಡಿಸಿರಬೇಕು. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ.

ಗಾಳಿ ಮತ್ತು ಚೋಕ್

ಈಗ ಎಂಜಿನ್ನಿಗೆ ಬರೋಣ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಈ ಎರಡನ್ನೂ ಬೆರೆಸಿ ಕೊಡುವುದು ಕಾರ್ಬುರೇಟರ್‌ನ ಕೆಲಸ. ಗಾಳಿ ಕಡಿಮೆಯಾದರೆ ಪೆಟ್ರೋಲ್ ಅರೆಬರೆ ಉರಿದು ಕಪ್ಪು ಹೊಗೆಯಾಗುತ್ತದೆ. ಹಸುವಿಗೆ ಮಿತಿಮೀರಿ ಜೋಳದ ನುಚ್ಚು ಹಾಕಿದರೆ ಅರಗದೆ ಸಗಣಿಯಲ್ಲಿ ಕಾಳು ಕಾಣುವಂತೆಯೇ ಇದು.

ಏರ್ ಕ್ಲೀನರ್ ನೋಡಿ. ಹಳೆಯ ಜೀಪುಗಳಲ್ಲಿ ತಳದಲ್ಲಿ ಆಯಿಲ್ ಇರುವ ಮಾದರಿ ಬರುತ್ತದೆ. ನಮ್ಮ ಮಣ್ಣು ರಸ್ತೆಗಳಲ್ಲಿ ಆ ಆಯಿಲ್ ಬೇಗ ಕೆಸರಾಗುತ್ತದೆ. ತೊಳೆದು ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಹೆಚ್ಚು ಹಾಕಿದರೂ ಗಾಳಿಗೆ ಅಡ್ಡಿ. ಕ್ಲೀನರನ್ನೇ ಕಿತ್ತು ಓಡಿಸುವವರಿದ್ದಾರೆ. ಆಗ ದೂಳು ಒಳಹೊಕ್ಕು ಪಿಸ್ಟನ್ ರಿಂಗ್ ಸವೆಸುತ್ತದೆ.

ಕ್ಲೀನರ್ ತೆಗೆದಿರುವಾಗಲೇ ಚೋಕ್ ನೋಡಿ. ಡ್ರೈವರ್ ಎದುರಿನ ಗುಂಡಿಯನ್ನು ಪೂರ್ತಿ ಒಳಕ್ಕೆ ತಳ್ಳಿದರೆ ಸಾಲದು. ಕಾರ್ಬುರೇಟರ್ ಬಾಯಿಯೊಳಗಿನ ತಗಡು ನೆಟ್ಟಗೆ ನಿಂತು ಬಾಯಿ ಪೂರ್ತಿ ತೆರೆದಿದೆಯೇ ಎಂದು ಕಣ್ಣಾರೆ ನೋಡಬೇಕು. ಹಟ್ಟಿಯ ಗಾಡಿಯಲ್ಲಿ ಕೇಬಲ್ ಮಡಿಚಿಕೊಂಡು ತಗಡು ಕಾಲುಭಾಗ ಮುಚ್ಚಿಯೇ ಇತ್ತು. ಕಾರ್ಬುರೇಟರ್ ಬಿಚ್ಚಿದ್ದ ನನ್ನ ಕಣ್ಣಿಗೂ ಮೊದಲ ಸಲ ಅದು ಬಿದ್ದಿರಲಿಲ್ಲ.

ಕಿಡಿ

ಐದನೆಯದಾಗಿ ಕಿಡಿ. ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ತುದಿ ಬಿಸ್ಕತ್ತಿನ ಬಣ್ಣವಿದ್ದರೆ ಉರಿ ಸರಿ ಇದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಇಲ್ಲವೆ ವಾಲ್ವ್ ಕಡೆಯಿಂದ ಆಯಿಲ್ ಬರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತಿದೆ. ನಾಲ್ಕರಲ್ಲಿ ಒಂದೇ ಬೇರೆ ಬಣ್ಣವಿದ್ದರೆ ರೋಗ ಆ ಒಂದು ಸಿಲಿಂಡರಿನದು.

ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಓಡುತ್ತಾ ಸವೆದು ಸಂದು ಕಿರಿದಾಗುತ್ತದೆ. ಸಂದು ಕಿರಿದಾದರೆ ಟೈಮಿಂಗ್ ಹಿಂದೆ ಬೀಳುತ್ತದೆ. ಆಗ ಎಳೆತ ಕಡಿಮೆಯಾಗಿ ಡ್ರೈವರ್ ಆಕ್ಸಿಲರೇಟರ್ ಹೆಚ್ಚು ಒತ್ತುತ್ತಾನೆ. ಹಳೆಯ ಜೀಪುಗಳಲ್ಲಿದ್ದ 2.2 ಲೀಟರಿನ, ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ನಿಗೆ ಪಾಯಿಂಟ್ ಸಂದು ಅರ್ಧ ಮಿಲಿಮೀಟರ್, ಪ್ಲಗ್ ಸಂದು ಮುಕ್ಕಾಲು ಮಿಲಿಮೀಟರ್. ಬೇರೆ ಎಂಜಿನ್ ಆದರೆ ಅದರ ಪುಸ್ತಕದಲ್ಲಿರುವ ಅಳತೆಯನ್ನೇ ಇಡಿಸಿ. ಪಾಯಿಂಟ್ ಸರಿಮಾಡಿದ ಮೇಲೆಯೇ ಟೈಮಿಂಗ್ ಹೊಂದಿಸಬೇಕು, ಮೊದಲಲ್ಲ. ಹಟ್ಟಿಯ ಗಾಡಿಯಲ್ಲಿ ಸಂದು ಅರ್ಧಕ್ಕರ್ಧ ಮುಚ್ಚಿಹೋಗಿತ್ತು.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಎಂಜಿನ್ ಬಿಸಿಯಾದೀತೆಂದು ಥರ್ಮೋಸ್ಟಾಟನ್ನೇ ಕಿತ್ತು ಎಸೆಯುತ್ತಾರೆ. ಆಗ ಎಂಜಿನ್ ಕಾಯಲು ಬಹಳ ಹೊತ್ತು ಬೇಕು. ಏಳೂವರೆ ಕಿಲೋಮೀಟರ್ ದಾರಿಯಲ್ಲಿ ಅರ್ಧ ದಾರಿ ತಣ್ಣಗೇ ಓಡುತ್ತದೆ. ತಣ್ಣನೆಯ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಕಾರ್ಬುರೇಟರ್ ಕೊನೆಗೆ

ಇಷ್ಟೆಲ್ಲ ಸರಿ ಇದ್ದೂ ಮೈಲೇಜ್ ಬಾರದಿದ್ದರೆ ಆಗ ಕಾರ್ಬುರೇಟರ್ ಬಿಚ್ಚಿ. ಅದರಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಮೂರು. ಒಂದು, ಫ್ಲೋಟ್. ಅದು ತೂತಾಗಿ ಒಳಗೆ ಪೆಟ್ರೋಲ್ ತುಂಬಿದ್ದರೆ ಅಥವಾ ಸೂಜಿ ವಾಲ್ವ್ ಸವೆದಿದ್ದರೆ ಪೆಟ್ರೋಲ್ ಮಟ್ಟ ಏರಿ ಉಕ್ಕುತ್ತದೆ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಸದ್ದು ಬರಬಾರದು. ಎರಡು, ಜೆಟ್. ಅದನ್ನು ತಂತಿಯಿಂದ ಚುಚ್ಚಲು ಯಾರಿಗೂ ಬಿಡಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಗಾಳಿಯಿಂದ ಊದಿಸಬೇಕು. ಹಿಂದೆ ಯಾರೋ ದೊಡ್ಡ ನಂಬರಿನ ಜೆಟ್ ಹಾಕಿದ್ದರೆ ಮೂಲ ನಂಬರಿನದನ್ನು ಹಾಕಿಸಿ. ಮೂರು, ನಿಂತಲ್ಲಿ ಓಡುವಾಗಿನ ಮಿಶ್ರಣದ ಸ್ಕ್ರೂ. ಎಂಜಿನ್ ಚೆನ್ನಾಗಿ ಕಾದ ಮೇಲೆಯೇ ಅದನ್ನು ಹೊಂದಿಸಬೇಕು.

ಇದಕ್ಕೆ ತಮ್ಮ ಕೈಯಲ್ಲೇ ಒಂದು ಸಾಕ್ಷಿ ಇದೆ. ಹೊಗೆ ತಪಾಸಣೆಯ ಚೀಟಿಯನ್ನು ಎಸೆಯದೆ ಓದಿ. ಹಳೆಯ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಪೆಟ್ರೋಲ್ ಅರೆಬೆಂದು ಹೋಗುತ್ತಿದೆ ಎಂದು ಯಂತ್ರವೇ ಹೇಳಿದಂತೆ.

ಎಲ್ಲ ಮಾಡಿಯೂ ಎಳೆತವಿಲ್ಲದಿದ್ದರೆ ಸಿಲಿಂಡರುಗಳ ಕಂಪ್ರೆಷನ್ ಅಳೆಸಿ. ಒಂದು ಸಿಲಿಂಡರ್ ಬಹಳ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಗಾಡಿಗೆ ಇನ್ನೂ ಹಣ ಹಾಕಬೇಕೇ ಬೇಡವೇ ಎಂದು ತೀರ್ಮಾನಿಸುವುದು ಈ ಪರೀಕ್ಷೆಯ ಮೇಲೆ.

ಎಥನಾಲ್ ಬೆರೆತ ಪೆಟ್ರೋಲ್

ತಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಇದು. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರಿಂದ ಬಂಕುಗಳಿಗೆ ಬರತೊಡಗಿ, 2025ರ ಹೊತ್ತಿಗೆ ದೇಶದಾದ್ಯಂತ ಹರಡಿತು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ ಮಾತ್ರ. ಎಥನಾಲ್ ಇಲ್ಲದ ಕಾಲಕ್ಕೆಂದು ಮಾಡಿದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಆದ್ದರಿಂದ 9 ಓಡುತ್ತಿದ್ದದ್ದು 8.4 ಆದರೆ ಗಾಡಿಯನ್ನು ಬೈಯಬೇಡಿ. ಆದರೆ 9 ಇದ್ದದ್ದು 6 ಆದರೆ ಅದು ಎಥನಾಲಿನ ತಪ್ಪಲ್ಲ, ರಿಪೇರಿ ಬೇಕೆಂಬ ಸೂಚನೆ.

ಎಥನಾಲ್ ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಪೈಪು, ಪಂಪಿನ ಡಯಾಫ್ರಮ್ ಬದಲಿಸುವಾಗ ಎಥನಾಲ್ ತಡೆಯುವಂಥದ್ದನ್ನೇ ಕೇಳಿ ಪಡೆಯಿರಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ವಾರಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿಸಬೇಡಿ.

ಬೇಡವಾದ ಉಳಿತಾಯಗಳು

ಕೆಲವರು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಾರೆ. ಅದು ಕಾನೂನಿಗೂ ವಿರುದ್ಧ, ಎಂಜಿನ್ನಿಗೂ ಹಾನಿ. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತಕ್ಕೆ ಹಣ ಕೊಡಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡಬೇಡಿ. ತುಂಬಿದ ಕ್ಯಾನುಗಳ ಭಾರಕ್ಕೆ ಬ್ರೇಕ್ ಕಾದು ಹಿಡಿಯದೆ ಹೋದೀತು. ನಿಜವಾದ ಉಳಿತಾಯ ಬೇಕೆಂದರೆ ಹಾಲು ಅಳೆಯುವ ಸರದಿಯಲ್ಲಿ ನಿಂತಾಗ ಎಂಜಿನ್ ಆರಿಸಿ. ಈ ಗಾತ್ರದ ಎಂಜಿನ್ ಸುಮ್ಮನೆ ನಿಂತು ಓಡಿದರೂ ಗಂಟೆಗೆ ಒಂದು ಲೀಟರಿನ ಆಸುಪಾಸು ಪೆಟ್ರೋಲ್ ಬೇಕು.

ಹಟ್ಟಿಯ ಗಾಡಿಗೆ ಎರಡನೆಯ ಸಲ ಮಾಡಿದ್ದು ಇಷ್ಟೇ: ಬ್ರೇಕ್ ಬಿಡಿಸಿದ್ದು, ಚೋಕ್ ಕೇಬಲ್ ಬದಲಿಸಿದ್ದು, ಪಾಯಿಂಟ್ ಮತ್ತು ಟೈಮಿಂಗ್ ಸರಿಪಡಿಸಿದ್ದು, ಟೈರಿಗೆ ಗಾಳಿ ತುಂಬಿಸಿದ್ದು. ಮೊದಲ ಸಲದ ಕಿಟ್ಟಿಗಿಂತ ಕಡಿಮೆ ಖರ್ಚು. ಮೂರು ಸಲ ಅಳೆದಾಗ 8.4 ಕಿಲೋಮೀಟರ್ ಬಂತು. ತಿಂಗಳಿಗೆ ಸುಮಾರು 43 ಲೀಟರ್ ಪೆಟ್ರೋಲ್ ಉಳಿಯಿತು. ಗಾಡಿ ಗುಜರಿಗೆ ಹೋಗಲಿಲ್ಲ. ಒಂದೊಂದೇ ಹಸುವಿನ ಆ ಎರಡು ಮನೆಯವರು ಇಂದಿಗೂ ಹಾಲು ಹಾಕುತ್ತಿದ್ದಾರೆ.

ತಾವು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಹಾಲಿನ ಪಾಸ್ ಪುಸ್ತಕದ ಜೊತೆಗೆ ಗಾಡಿಗೂ ಒಂದು ನೋಟ್ ಪುಸ್ತಕ ಇಡಿ. ಹಾಕಿಸಿದ ಲೀಟರ್, ಓಡಿದ ಕಿಲೋಮೀಟರ್, ಮಾಡಿಸಿದ ರಿಪೇರಿ ಬರೆಯಿರಿ. ಮೈಲೇಜ್ ಇಳಿಯತೊಡಗಿದ ದಿನವೇ ಅದು ಕಣ್ಣಿಗೆ ಬೀಳುತ್ತದೆ. ರೋಗ ಸಣ್ಣದಿರುವಾಗ ಮದ್ದೂ ಅಗ್ಗ. ಈ ಮಾತು ಹಸುವಿನ ವಿಷಯದಲ್ಲಿ ತಮಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.