ಕೆಲಸ ಕಲಿಸುವವರ ಕಾನೂನುಬದ್ಧ ಹೊಣೆ

(ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯಲ್ಲಿ ತರಬೇತುದಾರ ಎಂಬ ಹುದ್ದೆ ಇಲ್ಲ. ಆದರೆ ತರಬೇತಿ ನಿತ್ಯವೂ ನಡೆಯುತ್ತದೆ. ಹಿರಿಯ ನೀರುಗಂಟಿಯು ಹೊಸಬರಿಗೆ ಪಂಪ್ ಚಾಲೂ ಮಾಡುವುದನ್ನು ತೋರಿಸುತ್ತಾರೆ. ಸ್ವಚ್ಛತಾ ಕೆಲಸದಲ್ಲಿ ಪಳಗಿದವರು ಕಿರಿಯರಿಗೆ ಗುಂಡಿ ಶುಚಿಗೊಳಿಸುವ ಬಗೆಯನ್ನು ಹೇಳಿಕೊಡುತ್ತಾರೆ. ಕಲಿಸಿದ್ದು ತಪ್ಪಾಗಿ ಜೀವಹಾನಿಯಾದರೆ ಉತ್ತರ ಕೊಡಬೇಕಾದವರು ಯಾರು ಎಂಬುದೇ ಇಂದಿನ ವಿಷಯ.

1948ರ ಕಾರ್ಖಾನೆಗಳ ಅಧಿನಿಯಮಕ್ಕೆ 1987ರಲ್ಲಿ ಸೇರಿದ 7ಎ ಕಲಮು ಮಾಹಿತಿ, ಸೂಚನೆ, ತರಬೇತಿ ಮತ್ತು ಮೇಲ್ವಿಚಾರಣೆ ಒದಗಿಸುವ ಹೊಣೆಯನ್ನು ಕಾರ್ಖಾನೆಯ ಅಧಿಭೋಗದಾರರ ಮೇಲೆ ಹೊರಿಸಿತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಇದೇ ತತ್ತ್ವವನ್ನು ಕಟ್ಟಡ ಮತ್ತು ನಿರ್ಮಾಣ ಕಾಮಗಾರಿಗಳಿಗೂ ಅನ್ವಯಿಸಿದೆ. ಈ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಕಲಿಸುವ ಕೆಲಸವನ್ನು ಮತ್ತೊಬ್ಬರಿಗೆ ವಹಿಸಬಹುದು. ಹೊಣೆಯನ್ನು ವಹಿಸಿಕೊಟ್ಟು ಕೈತೊಳೆದುಕೊಳ್ಳಲಾಗದು.

ಹಾಗೆಂದು ಕಲಿಸಿದವರು ಪೂರ್ಣ ಮುಕ್ತರಲ್ಲ. ತಮ್ಮ ಕೃತ್ಯ ಅಥವಾ ಲೋಪದಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸುವುದು ಪ್ರತಿಯೊಬ್ಬ ನೌಕರರ ಕರ್ತವ್ಯವೆಂದು ಸಂಹಿತೆಯ 13ನೇ ಕಲಮು ಹೇಳುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷಗಳವರೆಗೆ ಕಾರಾವಾಸ ವಿಧಿಸಲು ಅವಕಾಶವಿದೆ.

ಶೌಚ ಗುಂಡಿಯ ಉದಾಹರಣೆಯನ್ನೇ ಗಮನಿಸಬಹುದು. "ದೀಪ ಇಳಿಸಿ ನೋಡು; ಆರದಿದ್ದರೆ ಇಳಿಯಬಹುದು" ಎಂಬುದು ಬಾವಿ ಕೆಲಸದಿಂದ ಬಂದ ಹಳೆಯ ಪಾಠ. ಗುಂಡಿಯಲ್ಲಿ ಮೀಥೇನ್ ಅನಿಲವಿದ್ದರೆ ಅದೇ ದೀಪದಿಂದ ಬೆಂಕಿ ಹತ್ತಬಹುದು. "ವಾಸನೆ ಇಲ್ಲ, ಭಯವಿಲ್ಲ" ಎಂಬುದೂ ಅಷ್ಟೇ ಅಪಾಯಕಾರಿ. ಹೈಡ್ರೋಜನ್ ಸಲ್ಫೈಡ್ ಅನಿಲದ ಪ್ರಮಾಣ ಹೆಚ್ಚಾದಾಗ ಮೂಗು ವಾಸನೆಯನ್ನೇ ಗ್ರಹಿಸದು. ಕುಸಿದವರನ್ನು ಎತ್ತಲು ಇಳಿದವರೂ ಅಲ್ಲಿಯೇ ಕುಸಿಯುತ್ತಾರೆ.

ರಕ್ಷಣಾ ಸಾಧನ, ಯಂತ್ರ ಹಾಗೂ ಮುನ್ನೆಚ್ಚರಿಕೆಗಳಿಲ್ಲದೆ ಒಳಚರಂಡಿ ಅಥವಾ ಶೌಚ ಗುಂಡಿಯನ್ನು ಕೈಯಿಂದ ಶುಚಿಗೊಳಿಸಲು ಯಾರನ್ನೂ ನಿಯೋಜಿಸಬಾರದೆಂದು 2013ರ ಮಲ ಹೊರುವ ವೃತ್ತಿ ನಿಷೇಧ ಅಧಿನಿಯಮದ 7ನೇ ಕಲಮು ವಿಧಿಸಿದೆ. ಈ ನಿಷೇಧವು ಸ್ಥಳೀಯ ಪ್ರಾಧಿಕಾರಕ್ಕೂ ಅನ್ವಯ. ಮೊದಲ ಅಪರಾಧಕ್ಕೆ ಎರಡು ವರ್ಷಗಳವರೆಗೆ ಕಾರಾವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಇವೆ, ಅಪರಾಧವು ಜಾಮೀನುರಹಿತ. ಒಳಚರಂಡಿ ಸಾವುಗಳಲ್ಲಿ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರಂದು ಆದೇಶಿಸಿದೆ.

ಕೆಲಸ ಬಲ್ಲವರಿಗೂ ಸ್ಥಳದ ಅಪಾಯವನ್ನು ತಿಳಿಸಬೇಕು. 2023ರ ಆಗಸ್ಟ್ 29ರಂದು ಹಾವೇರಿ ಸಮೀಪದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ಬೆಂಕಿ ಹತ್ತಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ವೆಲ್ಡಿಂಗ್ ಕಿಡಿಯೇ ಕಾರಣವೆಂದು ಆಗ ವರದಿಯಾಗಿತ್ತು. ವೆಲ್ಡಿಂಗ್ ಕಲಿತಿರುವುದು ಒಂದು. ಸುತ್ತಲೂ ಏನಿದೆ ಎಂದು ಅರಿತಿರುವುದು ಮತ್ತೊಂದು.

ಆದ್ದರಿಂದ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಅಂಶಗಳ ಕುರಿತು ನಿರ್ಣಯ ಕೈಗೊಳ್ಳುವುದು ಸೂಕ್ತ:

1. ಬೀದಿದೀಪ, ಪಂಪ್, ನೀರಿನ ಟ್ಯಾಂಕ್, ಗುಂಡಿ, ಕಸದ ವಾಹನ ಈ ಪ್ರತಿಯೊಂದು ಕೆಲಸವನ್ನೂ ಕಲಿಸುವವರು ಯಾರೆಂದು ಲಿಖಿತವಾಗಿ ಗುರುತಿಸುವುದು. ಅವರಿಗೆ ಮೊದಲು ಸರಿಯಾದ ತರಬೇತಿ ಕೊಡಿಸುವುದು.

2. ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಆಡುಗನ್ನಡ, ಉರ್ದು ಅಥವಾ ಲಂಬಾಣಿಯಲ್ಲಿ ಕಲಿಸುವುದು. ವಹಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ತರಬೇತಿ ಆಯಿತೆನ್ನಲಾಗದು. ಕಲಿತವರು ಕಣ್ಣೆದುರೇ ಸರಿಯಾಗಿ ಮಾಡಿ ತೋರಿಸಬೇಕು.

3. ಹೆಸ್ಕಾಂನಿಂದ ವಿದ್ಯುತ್ ಸ್ಥಗಿತ ಖಚಿತವಾಗುವವರೆಗೆ ಯಾರನ್ನೂ ಕಂಬ ಹತ್ತಿಸದಿರುವುದು.

4. ಅಪಾಯವಿದೆ ಎಂದು ಹೇಳಿ ಕೆಲಸ ನಿಲ್ಲಿಸಿದವರ ಕೂಲಿಯನ್ನು ಕಡಿತಗೊಳಿಸದಿರುವುದು.

ಈ ನಾಲ್ಕಕ್ಕೂ ತಗಲುವ ವೆಚ್ಚ ಅಲ್ಪ. ಗುಂಡಿಗೆ ಇಳಿದವರು ಮೇಲೆ ಬಾರದಿದ್ದರೆ ಅವರ ಮನೆಯವರು ಮೊದಲು ಬಂದು ಕೇಳುವುದು ವಾರ್ಡಿನ ಸದಸ್ಯರನ್ನೇ. ಆಗ ತೋರಿಸಲು ವಹಿಯೊಂದೇ ಸಾಲದು. ಸರಿಯಾಗಿ ಕಲಿಸಿದ್ದು ನಿಜವಾಗಿರಬೇಕು.