ಎಡಕ್ಕೆ ಎರಡು, ಬಲಕ್ಕೆ ಒಂಬತ್ತು

ಅಂಕಿ ಎಂದೊಡನೆ ಕೆಲವರಿಗೆ ಅದರ ಜಾಗವೂ ಕಣ್ಣಿಗೆ ಕಟ್ಟುತ್ತದೆ. ಹೀಗೆ ಸಂಖ್ಯೆಗಳನ್ನು ‘ನೋಡುವ’ ಜನರ ಬಗ್ಗೆ 1880ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್. ಒಬ್ಬೊಬ್ಬರ ಅಂಕಿಗಳ ಸಾಲು ಒಂದೊಂದು ತೆರ, ಕೆಲವಂತೂ ಅಂಕುಡೊಂಕು.

ಉಳಿದವರ ತಲೆಯಲ್ಲೂ ಅಂಥ ಸಾಲೊಂದಿದೆ ಎಂಬುದು ಗೊತ್ತಾಗಲು ನೂರು ವರ್ಷ ದಾಟಬೇಕಾಯಿತು. 1993ರಲ್ಲಿ ಫ್ರಾನ್ಸಿನ ಸ್ತಾನಿಸ್ಲಾಸ್ ದೆಹೆನ್ ಮತ್ತು ಸಂಗಡಿಗರು ಪರದೆಯ ಮೇಲೆ ಅಂಕಿ ತೋರಿಸಿ, ಸಮವೋ ಬೆಸವೋ ಗುಂಡಿ ಒತ್ತಿ ಎಂದರು. ದೊಡ್ಡದೋ ಚಿಕ್ಕದೋ ಎಂದು ಯಾರೂ ಕೇಳಿರಲಿಲ್ಲ. ಆದರೂ ಚಿಕ್ಕ ಅಂಕಿಗೆ ಎಡಗಡೆಯ ಗುಂಡಿ, ದೊಡ್ಡದಕ್ಕೆ ಬಲಗಡೆಯದು ಬೇಗ ಒತ್ತಿಸಿಕೊಂಡವು. ಕೈಗಳನ್ನು ಅದಲುಬದಲಾಗಿ ಇಟ್ಟರೂ ಅದೇ ಕತೆ. ಇನ್ನೂ ಸೊಗಸಿನದು ಐದರ ಪಾಡು: ಸೊನ್ನೆಯಿಂದ ಐದರವರೆಗಿನ ಗುಂಪಿನಲ್ಲಿ ಅದು ಬಲದ್ದು, ನಾಲ್ಕರಿಂದ ಒಂಬತ್ತರ ಗುಂಪಿನಲ್ಲಿ ಎಡದ್ದು! ಈ ಎಡ-ಬಲದ ಒಲವಿಗೆ ‘ಸ್ನಾರ್ಕ್ ಪರಿಣಾಮ’ ಎಂದು ಹೆಸರಾಯಿತು. 1999ರಲ್ಲಿ ಅಮೆರಿಕದ ಮೂರನೇ ತರಗತಿಯ ಮಕ್ಕಳಲ್ಲೂ ಅದು ಕಂಡಿತು.

2002ರಲ್ಲಿ ಇಟಲಿಯ ಮಾರ್ಕೊ ಝೋರ್ಜಿ ತಂಡ ಪರೀಕ್ಷಿಸಿದ್ದು ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡಗಡೆಯ ಲೋಕದತ್ತ ಗಮನವೇ ಹರಿಯದ ರೋಗಿಗಳನ್ನು. ಎರಡು ಮತ್ತು ಆರರ ನಟ್ಟನಡುವೆ ಯಾವುದು ಎಂದರೆ ಅವರು ಐದು ಎನ್ನುತ್ತಿದ್ದರು. ಕೂಡು-ಕಳೆ ಅವರಿಗೆ ಮರೆತಿರಲಿಲ್ಲ. ಮನಸ್ಸಿನ ಗೆರೆಯ ಎಡತುದಿ ಮಾತ್ರ ಮಸುಕಾಗಿತ್ತು.

ಮರುವರ್ಷವೇ, ಅಂಕಿ ಕಂಡಷ್ಟಕ್ಕೇ ಗಮನ ಎಡಕ್ಕೋ ಬಲಕ್ಕೋ ವಾಲುತ್ತದೆಂಬ ಪ್ರಯೋಗವೊಂದು ಪ್ರಕಟವಾಗಿ ಭಾರೀ ಹೆಸರು ಮಾಡಿತು. 2020ರಲ್ಲಿ 17 ಪ್ರಯೋಗಾಲಯಗಳು ಒಟ್ಟಾಗಿ ಮತ್ತೆ ಮಾಡಿ ನೋಡಿದರೆ ಆ ವಾಲು ಇಲ್ಲವೇ ಇಲ್ಲ ಎನ್ನುವಷ್ಟಿತ್ತು. ಇಂಥ ಮರುಪರೀಕ್ಷೆಗೆ ಚಪ್ಪಾಳೆ ಕಡಿಮೆ, ಬೆಲೆ ಹೆಚ್ಚು.

ಹಾಗಾದರೆ ಗುಂಡಿ ಒತ್ತುವಾಗ ಕಂಡ ಈ ಸಾಲು ಹುಟ್ಟಿನಿಂದ ಬಂದದ್ದೋ, ಓದಿನಿಂದಲೋ? ಅಕ್ಷರವನ್ನೂ ಅಂಕಿಯನ್ನೂ ಬಲದಿಂದ ಓದುವ ಪ್ಯಾಲೆಸ್ಟೀನಿಯರಲ್ಲಿ ಸಾಲು ತಿರುವುಮುರುವಾಗಿದ್ದು, ಅಕ್ಷರ ಬಲದಿಂದ, ಅಂಕಿ ಎಡದಿಂದ ಓದುವ ಇಸ್ರೇಲಿಗಳಲ್ಲಿ ಯಾವ ಒಲವೂ ಇಲ್ಲದ್ದು 2009ರಲ್ಲಿ ತಿಳಿಯಿತು. ನಮ್ಮ ಉರ್ದು ಶಾಲೆಯ ಮಕ್ಕಳೂ ಇಸ್ರೇಲಿಗಳಂತೆ ಅಕ್ಷರ ಬಲದಿಂದ, ಅಂಕಿ ಎಡದಿಂದ ಬರೆಯುವವರು. ಅವರನ್ನೂ ಕೂರಿಸಿ ಅಳೆದರೆ ಚೆನ್ನ. ಆದರೆ 2015ರಲ್ಲಿ ರೋಸಾ ರುಗಾನಿ ಮತ್ತು ಸಂಗಡಿಗರು ಮೂರು ದಿನದ ಕೋಳಿಮರಿಗಳನ್ನು ತಂದು ನಿಲ್ಲಿಸಿದರು. ಐದು ಚುಕ್ಕಿಗೆ ಒಗ್ಗಿದ ಮರಿ, ಎಂಟು ಕಂಡರೆ ಬಲಕ್ಕೆ ನಡೆಯಿತು. ಇಪ್ಪತ್ತಕ್ಕೆ ಒಗ್ಗಿದ್ದು, ಅದೇ ಎಂಟಕ್ಕೆ ಎಡಕ್ಕೆ. ಮರಿ ಯಾವ ಬಳಪ ಹಿಡಿದಿತ್ತು? ನನಗಂತೂ ಎರಡೂ ನಿಜವೆನಿಸುತ್ತದೆ: ಒಲವು ಹುಟ್ಟಿನಿಂದ ಬಂದಿರಬಹುದು, ಅದನ್ನು ತಿರುಗಿಸುವ ಶಕ್ತಿ ಓದಿಗೂ ಇದೆ.